ಎದುರುಜೋಡಿ

ಜೂನ್ ತಿಂಗಳು ಬಂತೆಂದರೆ ನಮ್ಮೂರಿನವರು ಮಕ್ಕಳ ಮುಖ ನೋಡುವುದಕ್ಕಿಂತ ಮಂಚದ ಕಾಲು ನೋಡುವುದೇ ಹೆಚ್ಚು. ಹತ್ತನೇ ತರಗತಿ ಮುಗಿಸಿದವರು ಕಾಲೇಜಿನಲ್ಲಿ ಸೈನ್ಸ್ ತೆಗೆದುಕೊಳ್ಳುತ್ತಾರೋ ಆರ್ಟ್ಸ್ ತೆಗೆದುಕೊಳ್ಳುತ್ತಾರೋ ಎಂಬುದು ಬೇರೆ ಊರುಗಳಲ್ಲಿ ಅವರವರ ಮನೆಯ ವಿಷಯವಂತೆ. ನಮ್ಮಲ್ಲಿ ಹಾಗಲ್ಲ. ಸೈನ್ಸಿಗೆ ಒಬ್ಬರು ಹೆಚ್ಚಾದರೆ ಊರು ಕೆರೆಯ ಕಡೆಗೆ ವಾಲುತ್ತದೆ, ಆರ್ಟ್ಸಿಗೆ ಒಬ್ಬರು ಹೆಚ್ಚಾದರೆ ಸಂತೆಮಾಳದ ಕಡೆಗೆ. ಹೆಚ್ಚೇನಲ್ಲ. ಕಾವಲಿಗೆ ಹುಯ್ದ ದೋಸೆಹಿಟ್ಟು ಒಂದೇ ಬದಿಗೆ ಹರಿಯುವಷ್ಟು, ಮುಚ್ಚಿದ ಬಾಗಿಲು ತಾನಾಗಿ ತೆರೆದುಕೊಳ್ಳುವಷ್ಟು, ರಾತ್ರಿ ನಡುಮನೆಯಲ್ಲಿ ಮಲಗಿದವರು ಬೆಳಿಗ್ಗೆ ಗೋಡೆಗೆ ಅಂಟಿಕೊಂಡು ಏಳುವಷ್ಟು. ಹಿಂದೊಮ್ಮೆ ಕಾಮರ್ಸ್ ತೆರೆದಾಗ ಊರಿನ ನಡುಭಾಗವೇ ಕುಸಿಯತೊಡಗಿತಂತೆ. ಆ ವರ್ಷವೇ ಅದನ್ನು ಮುಚ್ಚಿದರು.

ಹಾಗಾಗಿ ಒಂದನೇ ತರಗತಿಗೆ ಸೇರಿಸಿದ ದಿನವೇ ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿ ಜೋಡಿ ಕಟ್ಟಿಬಿಡುತ್ತಾರೆ. ಎದುರುಜೋಡಿ ಎನ್ನುತ್ತೇವೆ. ದೊಡ್ಡವರಾದ ಮೇಲೆ ಆ ಇಬ್ಬರಲ್ಲಿ ಒಬ್ಬರು ಸೈನ್ಸು, ಒಬ್ಬರು ಆರ್ಟ್ಸು. ಯಾರಿಗೆ ಯಾವುದು ಎಂಬುದನ್ನು ಅವರಿಬ್ಬರೇ ಮಾತಾಡಿಕೊಳ್ಳಬೇಕು. ಅಪ್ಪ ಅಮ್ಮ ಬುದ್ಧಿ ಹೇಳಬಹುದು, ಬೈಯಬಹುದು, ಆದರೆ ಹೆಡ್ಮಾಸ್ಟರ ಮುಂದೆ ಹೋಗಿ ಹೇಳುವುದು ಮಕ್ಕಳ ಬಾಯಿಂದಲೇ ಆಗಬೇಕು. ಬಹಳ ಮನೆಗಳಲ್ಲಿ ಇದು ಬಾಳೆಹಣ್ಣು ಸುಲಿದಷ್ಟು ಸುಲಭವಾಗಿ ಮುಗಿದುಹೋಗುತ್ತದೆ.

ನನ್ನ ಎದುರುಜೋಡಿ ಮಂದಾಕಿನಿ. ನಾನು ವಾರಿಜಾ, ಬಡಗಿ ಆಚಾರ್ರ ಮಗಳು. ನನಗೆ ಬುದ್ಧಿ ಬಂದಾಗಿನಿಂದ ನಾನು ಮಾಡಿದ ಕೆಲಸವೆಂದರೆ ಮಂದಾಕಿನಿಯನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದು. ಸುಳ್ಳು ಹೇಳುವುದಿಲ್ಲ. ನಮ್ಮಿಬ್ಬರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಒಬ್ಬನೇ ದರ್ಜಿ ಲಂಗ ಹೊಲಿದರೂ ಅವಳ ಮೈಮೇಲೆ ಅದು ಲಂಗವಾಗಿರುತ್ತಿತ್ತು, ನನ್ನ ಮೈಮೇಲೆ ಕಿಟಕಿಯ ಪರದೆಯಾಗಿರುತ್ತಿತ್ತು. ಪರೀಕ್ಷೆಯಲ್ಲಿ ನನಗೆ ತೊಂಬತ್ತೊಂದು ಬಂದರೆ ಅವಳಿಗೆ ಎಂಬತ್ತೊಂಬತ್ತು ಬರುತ್ತಿತ್ತು, ಆದರೆ ನನ್ನ ತೊಂಬತ್ತೊಂದಕ್ಕಿಂತ ಅವಳ ಎಂಬತ್ತೊಂಬತ್ತೇ ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು. ಅವಳಿಗೆ ಕಾಮಾಲೆ ಬಂದಾಗಲೂ ನನಗೆ ಹೊಟ್ಟೆ ಉರಿಯಿತು. ಇಡೀ ಬೀದಿ ಸರದಿಯ ಮೇಲೆ ಅವಳಿಗೆ ಕಬ್ಬಿನ ಹಾಲು ತಂದುಕೊಡುತ್ತಿತ್ತು. ನಾನೂ ಒಂದು ಲೋಟ ತಂದುಕೊಟ್ಟು ಅವಳು ಕುಡಿಯುವುದನ್ನು ನೋಡುತ್ತ ನಿಂತಿದ್ದೆ. "ನೀನೂ ಒಂದು ಗುಟುಕು ಕುಡಿಯೇ, ಆಸೆ ಆಗ್ತಿದೆ ಅಲ್ವಾ?" ಎಂದು ಅವಳು ಅರ್ಧ ಲೋಟ ನನಗೇ ಕೊಟ್ಟಳು. ಹೊಟ್ಟೆಕಿಚ್ಚಿನವಳಿಗೆ ಇಂಥ ಎದುರಾಳಿ ಸಿಗಬಾರದು. ಅವಳಿಗೆ ನನ್ನ ಮೇಲೆ ಒಂದು ದಿನಕ್ಕಾದರೂ ಹೊಟ್ಟೆಕಿಚ್ಚು ಬಂದಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಬರಲಿಲ್ಲ. ಅದಕ್ಕಿಂತ ದೊಡ್ಡ ಅವಮಾನ ಬೇರೆ ಇದೆಯೆ?

ವಾರಿಜಾ ಸೈನ್ಸಿಗೆ, ಮಂದಾಕಿನಿ ಆರ್ಟ್ಸಿಗೆ ಎಂದು ಊರೇ ತೀರ್ಮಾನ ಮಾಡಿಕೊಂಡಿತ್ತು. ನನಗೆ ಲೆಕ್ಕ ಬರುತ್ತದೆ, ಅವಳು ಹಾಡುತ್ತಾಳೆ, ಇನ್ನೇನು ಬೇಕು? ನಿಜ ಹೇಳಬೇಕೆಂದರೆ ಏನು ಓದಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಮಂದಾ ಏನು ಯೋಚಿಸುತ್ತಾಳೆ ಎಂದು ಕಾಯುತ್ತಿದ್ದೆ.

ರಜೆ ಮುಗಿಯುತ್ತಿದ್ದ ಒಂದು ಸಂಜೆ ಕೆರೆಯ ಮೆಟ್ಟಿಲ ಮೇಲೆ ಇಬ್ಬರೂ ಹುಣಸೆ ಚಿಗುರು ತಿನ್ನುತ್ತ ಕೂತಿದ್ದೆವು. ಅವಳು ನೀರಿನಲ್ಲಿ ಕಾಲಾಡಿಸುತ್ತ, "ಸೈನ್ಸ್ ತಗೊಂಡ್ರೆ ಹೇಗಿರುತ್ತೆ ಅಂತ ಯೋಚ್ನೆ ಮಾಡ್ತಿದ್ದೀನಿ ಕಣೇ," ಎಂದಳು.

"ನೀನಾ? ಯಾಕೆ?"

"ಸುಮ್ನೆ. ಕಪ್ಪೆ ಹೊಟ್ಟೆಯೊಳಗೆ ಏನಿರುತ್ತೆ ಅಂತ ಒಂದ್ಸಲ ನೋಡ್ಬೇಕು. ನಿಂಗೆ ಆರ್ಟ್ಸ್ ಆಗುತ್ತೆ ಅಂದ್ರೆ ಇಬ್ರಿಗೂ ಸಲೀಸು. ಆಗಲ್ಲ ಅಂದ್ರೆ ಹೇಳು."

ಆ ಮಾತು ಅವಳ ಬಾಯಿಂದ ಬಿದ್ದ ಕ್ಷಣವೇ ಸೈನ್ಸ್ ಎಂಬುದು ನನ್ನ ಕಣ್ಣಿಗೆ ಹೊಸ ಬಟ್ಟೆ ತೊಟ್ಟು ನಿಂತಂತಾಯಿತು. ಅದುವರೆಗೆ ಕಪ್ಪೆಯ ಹೊಟ್ಟೆಯಲ್ಲಿ ಏನಿದ್ದರೆ ನನಗೇನು ಎಂದು ಇದ್ದವಳು ನಾನು. "ಆಗಲ್ಲ. ನಂಗೆ ಸೈನ್ಸೇ ಬೇಕು," ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಅವಳು ತಮಾಷೆಯೆಂದುಕೊಂಡು ನಕ್ಕು ನನ್ನ ಮೇಲೆ ನೀರು ಚಿಮ್ಮಿಸಿದಳು. ನಾನು ನಗಲಿಲ್ಲ.

ಹೆಡ್ಮಾಸ್ಟರ್ ಪಶುಪತಯ್ಯನವರ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಮಂದಾ ನನಗಿಂತ ಮೊದಲು ಹೋಗಿ ಬಂದಿದ್ದಳು. ನಾನು ಒಳಗೆ ಹೋದಾಗ ಅವರು, "ಏನಮ್ಮ, ಜೋಡೀಲಿ ಮಾತಾಡ್ಕೊಂಡಿದ್ದೀರಾ?" ಎಂದು ವಾಡಿಕೆಯಂತೆ ಕೇಳಿದರು. ಹೂಂ ಎಂದೆ. ಮಾತಾಡಿಕೊಂಡದ್ದು ಸುಳ್ಳೇನಲ್ಲವಲ್ಲ. "ಸೈನ್ಸ್ ಸಾರ್," ಎಂದೆ. ಮೇಜಿನ ಮೇಲಿದ್ದ ಅವರ ಪೆನ್ನು ನಿಧಾನವಾಗಿ ಉರುಳಿ ಕೆರೆಯ ಕಡೆಯ ಅಂಚಿನಿಂದ ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ಮಂದಾಕಿನೀನೂ ಅದೇ ಅಂದ್ಲಲ್ಲಮ್ಮ?"

"ಅವಳನ್ನ ಕೇಳಿ ಸಾರ್. ಬದಲಾಯಿಸ್ಕೊಳ್ಳೋದಾದ್ರೆ ಅವಳು ಬದಲಾಯಿಸ್ಕೊಳ್ಲಿ."

ತರಗತಿಗಳು ಶುರುವಾಗುವವರೆಗೆ ಮಾತು ಬದಲಾಯಿಸಬಹುದು, ಆದರೆ ಯಾರನ್ನೂ ಒತ್ತಾಯ ಮಾಡುವಂತಿಲ್ಲ. ಅವರು ನಿಟ್ಟುಸಿರು ಬಿಟ್ಟು, ನೀರಿನ ಲೋಟವನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟುಕೊಂಡರು.

ಮನೆಗೆ ಬರುವಷ್ಟರಲ್ಲಿ ಅಪ್ಪನ ಮರಗೆಲಸದ ಕೊಟ್ಟಿಗೆಯ ಮುಂದೆ ಜನ ಸೇರಿದ್ದರು. ಊರು ವಾಲಿದಾಗಲೆಲ್ಲ ಮಂಚ, ಮೇಜು, ಕಪಾಟುಗಳ ಕಾಲಿಗೆ ಕೊಡಲು ಮರದ ಚಕ್ಕೆ ಬೇಕು, ಚಕ್ಕೆ ಸೀಳಿ ಕೊಡುವವರು ನಮ್ಮಪ್ಪ. ಜನ ಚಕ್ಕೆ ತೆಗೆದುಕೊಂಡು, ಜೊತೆಗೊಂದು ಮಾತನ್ನೂ ಬಿಟ್ಟು ಹೋಗುತ್ತಿದ್ದರು. "ಆಚಾರ್ರೇ, ಸ್ವಲ್ಪ ಮಗಳಿಗೆ ಹೇಳಿ." "ನನ್ನ ಸೊಸೆ ತುಂಬಿದ ಬಸುರಿ, ಮೆಟ್ಟಿಲಿಳಿಯೋಕೆ ಭಯ ಬೀಳ್ತಾಳೆ." ದೋಸೆ ಪುಟ್ಟತಾಯಮ್ಮ ಮಾತೇ ಆಡಲಿಲ್ಲ, ಒಂದು ಬದಿ ಹಪ್ಪಳ, ಇನ್ನೊಂದು ಬದಿ ಕಡುಬಿನಂತಿದ್ದ ಒಂದು ದೋಸೆಯನ್ನು ಎಲೆಯಲ್ಲಿಟ್ಟು ನನ್ನ ಕೈಗೆ ಕೊಟ್ಟು ಹೋದರು. ಮಗಳಿಂದ ಬಡಗಿಗೆ ಒಳ್ಳೆ ವ್ಯಾಪಾರ ಎಂದು ಯಾರೋ ಹಿಂದಿನಿಂದ ಅಂದದ್ದು ಅಪ್ಪನ ಕಿವಿಗೆ ಬಿತ್ತು. ಆಮೇಲೆ ಅಪ್ಪ ಯಾರಿಂದಲೂ ಕಾಸು ಮುಟ್ಟಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಅಮ್ಮ ಮಾತ್ರ ಇಬ್ಬರ ಪಾಲಿನದನ್ನೂ ಸೇರಿಸಿ ಆಡಿದಳು.

ನಾನು ಜಗ್ಗಲಿಲ್ಲ. ಮಂದಾಕಿನಿಯ ಮನೆಗೂ ಇಷ್ಟೇ ಜನ ಹೋಗುತ್ತಿದ್ದಾರೆಯೇ, ಅವಳಿಗೂ ಯಾರಾದರೂ ಇಂಥ ದೋಸೆ ಕೊಟ್ಟಿದ್ದಾರೆಯೇ ಎಂಬುದೊಂದೇ ನನ್ನ ಚಿಂತೆ.

ಬೈಯದೆ ಬಂದವರೆಂದರೆ ಎದುರುಮನೆಯ ನಂಜಜ್ಜಿ ಒಬ್ಬರೇ. ಜಗಲಿಯ ಮೇಲೆ ಕೂತು, ಜಾರದಂತೆ ಒಂದು ಕಾಲನ್ನು ಕಂಬಕ್ಕೆ ಕೊಟ್ಟುಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಅಂದರು, "ಇದೇನ್ ವಾಲೋದು ಬಿಡೇ. ನಾನು ಮದ್ವೆಯಾಗಿ ಬಂದ ದಿವ್ಸ ವಾಲಿತ್ತು ನೋಡು! ಹೊಸ್ತಿಲ ಮೇಲೆ ಅಕ್ಕಿ ಬೆಲ್ಲದ ಸೇರು ಇಟ್ಟಿದ್ರು. ನಾನಿನ್ನೂ ಕಾಲೇ ಎತ್ತಿರ್ಲಿಲ್ಲ, ಸೇರು ತಾನೇ ಉರುಳಿ ಬೀದಿಗೆ ಹೋಯ್ತು. ಒಳಗೆ ಚೆಲ್ಲಬೇಕಾದ ಅಕ್ಕಿ ಹೊರಗೆ ಚೆಲ್ಲಿದ್ಲು ಅಂತ ನಮ್ಮತ್ತೆ ಸಾಯೋಗಂಟ ನನ್ನನ್ನ ಆಡ್ಕೊಂಡ್ರು."

"ಯಾಕಜ್ಜಿ ವಾಲಿತ್ತು ಆವಾಗ?"

"ಯಾರೋ ಇಬ್ರು ಹುಡುಗ್ರು, ಇಬ್ರೂ ಆರ್ಟ್ಸೇ ಬೇಕು ಅಂತ ಕೂತ್ರು. ನಾಟಕ ಕಲಿಸೋ ಮೇಷ್ಟ್ರು ಬಂದಿದ್ರಲ್ಲ, ಅದಕ್ಕೆ. ಆ ಪುಟ್ಟತಾಯಿ ಮಾವನೇ ಅದ್ರಲ್ಲಿ ಒಬ್ಬ. ಅವಳನ್ನ ಕೇಳು."

ಕೇಳಲು ಹೋದೆ. ಪುಟ್ಟತಾಯಮ್ಮನ ಕೋಪ ದೋಸೆಯ ಜೊತೆಗೇ ಇಳಿದಿತ್ತು. "ನಾಟಕಾನೂ ಇಲ್ಲ, ಏನೂ ಇಲ್ಲ. ಆರ್ಟ್ಸ್ ಕ್ಲಾಸಿನ ಕಿಟಕಿಯಿಂದ ಒಂದು ಹುಡುಗಿ ಮನೆ ಕಾಣ್ತಿತ್ತು. ಇಬ್ರಿಗೂ ಆ ಕಿಟಕಿ ಬೇಕಾಗಿತ್ತು," ಎಂದರು. ಆ ಹುಡುಗಿ ಯಾರು ಎಂದರೆ ಗಾಣದ ಬೀದಿಯ ಒಂದು ಮನೆ ತೋರಿಸಿದರು. ಅಲ್ಲಿದ್ದ ಮುದುಕಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಇಬ್ಬರಿಗೂ ಸೈನ್ಸಿನ ಮೇಷ್ಟ್ರ ಬೆತ್ತ ಕಂಡರೆ ಭಯವಿತ್ತು, ಅಷ್ಟೇ ಎಂದಳು. ಒಂದೇ ವಾಲುವಿಕೆಗೆ ಮೂರು ಕಾರಣ! ಮೂವರೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ, ಮೂವರೂ ಒಬ್ಬರನ್ನೊಬ್ಬರು ಸುಳ್ಳುಗಾತಿ ಎನ್ನುತ್ತಾರೆ. ಯಾವುದು ನಿಜ, ಅದಕ್ಕೂ ಹಿಂದೆ ಯಾವಾಗ ವಾಲಿತ್ತು, ಆಗ ಯಾರು ಸೋತು ಬಿಟ್ಟುಕೊಟ್ಟರು ಎಂದು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಓರೆಯಾಗಿ ನಡೆಯುತ್ತ ತಿರುಗಿದೆ. ನನ್ನನ್ನು ಬೈಯಲು ಬಾಯಿ ತೆರೆದವರು ಅವರ ತಾತನ ಕಾಲದ ಕಥೆ ಹೇಳಿ ಮಜ್ಜಿಗೆ ಕೊಟ್ಟು ಕಳಿಸಿದರು. "ಊರನ್ನ ಓರೆ ಮಾಡಿಟ್ಟು ಎಲ್ಲೇ ಅಲೀತಿದ್ದೀಯಾ? ಊಟಾನೂ ಬೇಡ್ವಾ ನಿಂಗೆ?" ಎಂದು ಅಮ್ಮ ರೇಗಿದಳು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಏಳುವ ಹೊತ್ತಿಗೆ ಬಾಗಿಲು ಹಾಕಿದಲ್ಲೇ ಹಾಕಿಕೊಂಡಿತ್ತು. ಊರು ನೆಟ್ಟಗಾಗಿತ್ತು. ನೀರಿಗೆ ಹೋಗಿ ಬಂದ ಅಮ್ಮ, "ಮಂದಾ ಆರ್ಟ್ಸಿಗೆ ಬದಲಾಯಿಸ್ಕೊಂಡ್ಲಂತೆ ಕಣೇ. ನಿನಗೋಸ್ಕರ ಬಿಟ್ಟುಕೊಟ್ಲು. ಬಂಗಾರದಂಥ ಹುಡುಗಿ," ಎಂದಳು.

ಗೆದ್ದವಳು ನಾನು. ಆದರೆ ಆ ದಿನ ಹಾಲಿನವನಿಂದ ಹಿಡಿದು ಪಶುಪತಯ್ಯನವರ ಹೆಂಡತಿಯವರೆಗೆ ಎಲ್ಲರ ಬಾಯಲ್ಲೂ ಬಂಗಾರದಂಥ ಹುಡುಗಿ, ಬಂಗಾರದಂಥ ಹುಡುಗಿ. ನನ್ನನ್ನು ಕಂಡರೆ, "ಸಿಕ್ತಲ್ಲ, ಇನ್ನಾದ್ರೂ ಚೆನ್ನಾಗಿ ಓದು," ಎನ್ನುತ್ತಿದ್ದರು. ನನ್ನ ಕೈಗೆ ಬಂದ ಸೈನ್ಸು ತಣ್ಣಗಾದ ಕಾಫಿಯ ಹಾಗೆ ಅನ್ನಿಸತೊಡಗಿತು. ಅಷ್ಟು ಸಲೀಸಾಗಿ ಬಿಟ್ಟಳೆಂದರೆ ಇದರಲ್ಲಿ ಏನೂ ಇಲ್ಲವೆಂದು ಅವಳಿಗೆ ತಿಳಿದಿರಬೇಕು. ಸಂಜೆ ಲೈಬ್ರರಿಯ ಮುಂದೆ ಹಾದುಹೋಗುವಾಗ ಅವಳು ಆರ್ಟ್ಸಿನ ಯಾವುದೋ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ನಗುತ್ತಿದ್ದಳು. ಏನಿತ್ತು ಆ ಪುಸ್ತಕದಲ್ಲಿ? ನನ್ನನ್ನು ಕಂಡು ಕೈಬೀಸಿ ಕರೆದಳು. ನಾನು ಕಾಣದವಳಂತೆ ಮುಂದೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ದಿನ ಯಾರಿಗೂ ಹೇಳದೆ ಹೆಡ್ಮಾಸ್ಟರ ಕೋಣೆಗೆ ಹೋದೆ. "ನಂಗೆ ಆರ್ಟ್ಸ್ ಕೊಡಿ ಸಾರ್."

"ಮಂದಾಕಿನಿಗೆ ಹೇಳಿದ್ದೀಯಾ?"

"ಅವಳಿಗೆ ಸೈನ್ಸೇ ಇಷ್ಟ ಸಾರ್. ತಾನಾಗೇ ವಾಪಸ್ ಹೋಗ್ತಾಳೆ."

ಅವರು ಎರಡೂ ಕೈಗಳಿಂದ ಮೇಜನ್ನು ಹಿಡಿದುಕೊಂಡರು. ಊರು ಸಂತೆಮಾಳದ ಕಡೆಗೆ ವಾಲಿತು.

ಊರು ನೆಟ್ಟಗಾದ ಮೇಲೂ ಅನುಮಾನಕ್ಕೆಂದು ಅರ್ಧ ಜನ ಹಳೆಯ ಚಕ್ಕೆ ತೆಗೆದಿರಲಿಲ್ಲ. ಕೆರೆಯ ಕಡೆಯ ಕಾಲುಗಳನ್ನು ಎತ್ತಲು ಕೊಟ್ಟ ಚಕ್ಕೆಗಳವು, ಈಗ ಅವೇ ವಾಲುವುದನ್ನು ಇಮ್ಮಡಿ ಮಾಡಿದವು. ಮಂಚಗಳು ಮಲಗಿದ್ದವರನ್ನು ಕೆಳಗೆ ಸುರಿದವು. ಪುಟ್ಟತಾಯಮ್ಮನ ಹಿಟ್ಟಿನ ಕೊಳಗ ಬೀದಿಯುದ್ದಕ್ಕೂ ಉರುಳಿಹೋಯಿತು. ನಂಜಜ್ಜಿ ಬಿದ್ದು ಮೊಣಕೈಯ ಚರ್ಮ ಕಿತ್ತುಹೋಯಿತು. ಈ ಸಲ ಬಂದವರು ಅಪ್ಪನ ಹತ್ತಿರ ಮಾತಾಡಲಿಲ್ಲ, ಬಾಗಿಲಲ್ಲಿ ನಿಂತು ನನ್ನನ್ನೇ ಬಾಯಿಗೆ ಬಂದಂತೆ ಬೈದರು. ಬೈಯದಿದ್ದವರು ನಂಜಜ್ಜಿ, ಆದರೆ ಅವರು ನನ್ನ ಕಡೆ ನೋಡಲೂ ಇಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಮಂದಾಕಿನಿ ಬಂದಳು. ನಾನು ಅಪ್ಪನ ಕೊಟ್ಟಿಗೆಯಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದೆ. ಅವಳು ಅಷ್ಟು ಸಿಟ್ಟಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸಿಟ್ಟಿನಲ್ಲೂ ಅವಳ ಮುಖ ಚೆನ್ನಾಗಿಯೇ ಇತ್ತು, ಅದನ್ನೂ ನೋಡಿದೆ.

"ನಿಂಗೆ ಆರ್ಟ್ಸ್ ಬೇಕಾ, ಸೈನ್ಸ್ ಬೇಕಾ, ಇಲ್ಲ ನಂದು ಬೇಕಾ?" ಎಂದಳು.

ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

"ಹೇಳೇ. ಲಂಗ ಬೇಕಾ ಅಂದ್ರೆ ಕೊಡ್ತಿದ್ದೆ. ಕಬ್ಬಿನ ಹಾಲು ಬೇಕಾ ಅಂದ್ರೆ ಕೊಟ್ಟೆ. ಎಲ್ಲಾ ನೋಡಿದ್ದೀನಿ ನಾನು. ಕಾಣಲ್ಲ ಅಂದ್ಕೊಂಡಿದ್ದೀಯಾ?"

ಅವಳಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿದ್ದು ಗೊತ್ತಿಲ್ಲದವಳ ಹಾಗೆ ಇದ್ದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು, ನಾಚಿಕೆಯಾದಾಗ ನಾನು ಇನ್ನೂ ಕೆಟ್ಟವಳಾಗುತ್ತೇನೆ. "ಅಷ್ಟು ದೊಡ್ಡ ಮನಸ್ಸಿದ್ರೆ ಮತ್ತೆ ಸೈನ್ಸಿಗೆ ಹೋಗು. ನಿಂಗೆ ಬೇಕಾಗಿದ್ದೂ ಅದೇ ಅಲ್ವಾ?" ಎಂದೆ.

"ನಂಗೆ ಏನು ಬೇಕು ಅಂತ ಇನ್ಮೇಲೆ ನಿಂಗೆ ಹೇಳಲ್ಲ," ಎಂದಳು ಮಂದಾ. "ಹೇಳಿದ್ರೆ ಅದನ್ನೂ ಕಿತ್ಕೋತೀಯ. ಕಿತ್ಕೊಂಡು ಇಟ್ಕೊಂಡ್ರೂ ಪರವಾಗಿಲ್ಲ. ಎಸೀತೀಯ." ಅವಳ ಕಣ್ಣು ತುಂಬಿತ್ತು. ಓರೆ ನೆಲದಲ್ಲಿ ಎಡವದೆ ನಡೆದು ಹೊರಟುಹೋದಳು.

ಮರುದಿನ ಊರು ಅರ್ಧ ಎದ್ದಿತು. ಪೂರ್ತಿ ಅಲ್ಲ, ಅರ್ಧ. ಮಂದಾ ಸೈನ್ಸಿಗೆ ಹೋಗಿದ್ದರೆ ಪೂರ್ತಿ ಏಳಬೇಕಿತ್ತು. ನಾನು ಏನೂ ತೋಚದೆ ಬಾಗಿಲಲ್ಲಿ ನಿಂತಿದ್ದಾಗ ಅಮ್ಮ ಬಂದು, ಮೊದಲ ಬಸ್ಸಿಗೆ ಮಂದಾಕಿನಿ ಅವಳ ಚಿಕ್ಕಮ್ಮನ ಊರಿಗೆ ಹೋದಳೆಂದಳು. ಅಲ್ಲಿಯ ಕಾಲೇಜಿನಲ್ಲಿ ಹೆಸರು ಬರೆಸುತ್ತಾಳಂತೆ. ಅದು ವಾಲದ ಊರು. ಅಲ್ಲಿ ಯಾರು ಏನು ಓದಿದರೂ ದೋಸೆ ದುಂಡಗೇ ಬರುತ್ತದೆ. ಬೇರೆ ಊರಿನಲ್ಲಿ ಹೆಸರು ಬರೆಸಿದವರು ಮತ್ತೆ ನಮ್ಮೂರಿನ ಲೆಕ್ಕಕ್ಕೆ ಸೇರುವುದಿಲ್ಲ, ಹಬ್ಬಕ್ಕೆ ಬಂದು ಹೋಗಬಹುದು ಅಷ್ಟೆ.

"ಅವರಮ್ಮ ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ," ಎಂದು ಅಮ್ಮ ನನ್ನನ್ನು ನೋಡದೆ ಹೇಳಿದಳು.

ಮೊದಲು ನನಗೆ ಬಂದದ್ದು ದುಃಖವಲ್ಲ. ಊರು ಬಿಟ್ಟು ಹೋಗಬಹುದು ಎನ್ನುವುದೂ ಅವಳಿಗೇ ಮೊದಲು ಹೊಳೆಯಬೇಕೆ ಎಂದು ಹೊಟ್ಟೆ ಉರಿಯಿತು. ನಾನೇ ಹೋಗಿದ್ದರೆ ಬಂಗಾರದಂಥ ಹುಡುಗಿ ನಾನಾಗುತ್ತಿದ್ದೆ. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದೆ. ಯಾರೂ ಊಟಕ್ಕೆ ಏಳಿಸಲಿಲ್ಲ.

ತರಗತಿ ಶುರುವಾಗುವ ಮುನ್ನಾದಿನ ಪಶುಪತಯ್ಯನವರು ಹೇಳಿಕಳಿಸಿದರು. ಅವರ ಮೇಜಿನ ಕಾಲಿಗೆ ತೆಳ್ಳನೆಯ ಚಕ್ಕೆ ಕೊಟ್ಟಿತ್ತು. "ಕೂತ್ಕೊಳಮ್ಮ," ಎಂದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ಊರಿನವರು ಮಾತಾಡ್ಕೊಂಡಿದ್ದಾರೆ. ಒಬ್ಬಳ ಭಾರಕ್ಕೆ ಊರೇನು ಮುಳುಗೋಗಲ್ಲ. ನೀನು ಇರೋವರ್ಗೂ ಒಂದು ಕಡೆ ಸ್ವಲ್ಪ ವಾಲಿರುತ್ತೆ, ಹೊಂದ್ಕೊಂಡು ಹೋಗ್ತಾರೆ. ಆದ್ರೆ ದಿನಕ್ಕೊಂದು ಕಡೆ ಆಗೋದು ಬೇಡ. ಕೆರೆ ಕಡೆಗೋ ಸಂತೆ ಕಡೆಗೋ ಒಂದು ಹೇಳಿಬಿಡು, ಮತ್ತೆ ಬದಲಾಯಿಸೋ ಹಾಗಿಲ್ಲ. ಯಾವುದು ಬೇಕಾದ್ರೂ ತಗೋ. ನಿಂಗೀಗ ಎದುರುಜೋಡಿ ಇಲ್ಲ."

ನಮ್ಮೂರಿನಲ್ಲಿ ಹುಟ್ಟಿದ ಯಾರಿಗೂ ಸಿಗದ ಸ್ವಾತಂತ್ರ್ಯ ಅದು. ಎರಡೂ ನನ್ನ ಮುಂದೆ ಇದ್ದವು, ಯಾರೂ ಅಡ್ಡವಿರಲಿಲ್ಲ. ನಾನು ಸೈನ್ಸಿನ ಕಡೆ ನೋಡಿದೆ, ಏನೂ ಕಾಣಲಿಲ್ಲ. ಆರ್ಟ್ಸಿನ ಕಡೆ ನೋಡಿದೆ, ಅಲ್ಲೂ ಅಷ್ಟೆ. ಬೆಳಕಿಲ್ಲದ ಕೋಣೆಯಲ್ಲಿ ಬಟ್ಟೆ ಆರಿಸು ಎಂದ ಹಾಗಿತ್ತು. ಕೊನೆಗೆ ಕೇಳಿಯೇಬಿಟ್ಟೆ.

"ಅಲ್ಲಿ ಅವಳು ಏನು ತಗೊಂಡ್ಲು ಸಾರ್?"

ಪಶುಪತಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ನೀನು ಇದನ್ನೇ ಕೇಳ್ತೀಯ ಅಂದಿದ್ಲು. ಗೊತ್ತಾದ್ರೂ ಹೇಳ್ಬೇಡಿ ಸಾರ್ ಅಂತ ನನ್ನ ಹತ್ರ ಮಾತು ತಗೊಂಡು ಹೋಗಿದ್ದಾಳೆ."

ನನಗೆ ಅಳು ಬಂತು. ಅವರ ಮುಂದೆ ಅಳಬಾರದೆಂದು ತುಟಿ ಕಚ್ಚಿಕೊಂಡರೂ ನಿಲ್ಲಲಿಲ್ಲ. ಅವಳು ಸಿಟ್ಟಿನಿಂದ ಹಾಗೆ ಹೇಳಿದಳೋ ಪ್ರೀತಿಯಿಂದ ಹೇಳಿದಳೋ ನನಗೆ ಇಂದಿಗೂ ತಿಳಿಯದು. ಎರಡೂ ಇದ್ದಿರಬೇಕು. ಆದರೆ ಅವಳನ್ನು ನೋಡಿಕೊಂಡು ನಡೆಯುವ ದಾರಿ ಮಾತ್ರ ಮುಚ್ಚಿಹೋಗಿತ್ತು. ಅವಳನ್ನು ಬಿಟ್ಟು ನಾನು ಎಂದಾದರೂ ಏನನ್ನಾದರೂ ಬಯಸಿದ್ದೆನೆ ಎಂದು ಹುಡುಕಿದೆ. ಊರಿಗೆ ಊರೇ ನನ್ನನ್ನು ಶಪಿಸುತ್ತಿದ್ದಾಗ, ನಂಜಜ್ಜಿಯ ಅಕ್ಕಿಯ ಸೇರಿನ ಹಿಂದೆ ಬೀದಿ ಬೀದಿ ತಿರುಗಿದೆನಲ್ಲ, ಮೂವರು ಹೆಂಗಸರ ಮೂರು ಕಥೆಯಲ್ಲಿ ನಿಜ ಯಾವುದೆಂದು ಊಟ ಮರೆತೆನಲ್ಲ, ಆಗ ಮಂದಾಕಿನಿ ಒಂದು ಸಲವೂ ನನ್ನ ನೆನಪಿಗೆ ಬಂದಿರಲಿಲ್ಲ. ಹುಟ್ಟಿದಾಗಿನಿಂದ ಹೊಟ್ಟೆಯಲ್ಲಿ ಉರಿಯಿಲ್ಲದೆ ಇದ್ದದ್ದು ಅಷ್ಟೇ ಹೊತ್ತು.

"ಆರ್ಟ್ಸ್ ಸಾರ್," ಎಂದೆ. "ಇತಿಹಾಸ ಓದ್ತೀನಿ."

"ಅವಳೂ ಅದನ್ನೇ ತಗೊಂಡಿದ್ರೆ?"

"ತಗೊಳ್ಲಿ ಸಾರ್."

ಅವರು ನನ್ನ ಮುಖವನ್ನೇ ನೋಡಿ, ಬರೆದುಕೊಂಡರು.

ಹೊರಗೆ ಬಂದಾಗ ಮನಸ್ಸು ಹಗುರವಾಗಿತ್ತು. ಸಂತೆಮಾಳದ ಕಡೆ ಸ್ವಲ್ಪ ಇಳಿಜಾರಾಗಿದ್ದ ಬೀದಿಯಲ್ಲಿ ನನ್ನ ಕಾಲುಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಯಾರದ್ದನ್ನೂ ನೋಡಿ ಆರಿಸಿಕೊಳ್ಳದೆ, ನನ್ನದೇ ಎನ್ನುವಂಥದ್ದು ಕೊನೆಗೂ ಒಂದು ಸಿಕ್ಕಿತು ಎಂದು ಸಂತೋಷವಾಯಿತು. ಈ ಮಾತನ್ನು ಮಂದಾಗೆ ಹೇಳಬೇಕು ಎಂದುಕೊಂಡೆ. ಆಗ ನೆನಪಾಯಿತು. ನಾಳೆ ಅವಳಿಗೂ ಆ ಊರಿನಲ್ಲಿ ಮೊದಲ ದಿನ. ಗುರುತಿಲ್ಲದ ತರಗತಿಯಲ್ಲಿ ಯಾವಳೋ ಒಬ್ಬಳು ಬಂದು ಅವಳ ಪಕ್ಕದಲ್ಲಿ ಕೂರುತ್ತಾಳೆ. ನಿನ್ನ ಹೆಸರೇನು ಎಂದು ಕೇಳುತ್ತಾಳೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮಂದಾ ಅವಳಿಗೂ ಅರ್ಧ ಕೊಡುತ್ತಾಳೆ, ಕೊಡದೆ ಇರುವವಳಲ್ಲ. ಆ ಹುಡುಗಿ ಯಾರೋ, ಹೇಗಿದ್ದಾಳೋ ನನಗೆ ಗೊತ್ತಿಲ್ಲ. ಬೀದಿಯ ನಡುವೆ ನಿಂತುಬಿಟ್ಟೆ. ಆ ಹುಡುಗಿಯ ಮೇಲೆ ನನಗೆ ಬಂದಷ್ಟು ಹೊಟ್ಟೆಕಿಚ್ಚು ಮಂದಾಕಿನಿಯ ಮೇಲೆ ಒಂದು ದಿನವೂ ಬಂದಿರಲಿಲ್ಲ.